ರೆಸಿನ್ ಶಿಲ್ಪ: ಒಡಲಿನೊಳಗೆ ಬೆಳಕನ್ನು ಹಿಡಿಯುವ ಬಗೆ

ಕಲ್ಲು ಮತ್ತು ಕಂಚಿನ ಶಿಲ್ಪದಲ್ಲಿ ಮೇಲ್ಮೈ ಮಾತ್ರ ಕಣ್ಣಿಗೆ ಬೀಳುತ್ತದೆ. ದ್ರವವಾಗಿ ಹೊಯ್ದ ಮೇಲೆ ಗಟ್ಟಿಯಾಗುವ ಪಾರದರ್ಶಕ ರೆಸಿನ್ನಿನಲ್ಲಿ ಒಡಲೂ ಕಾಣುತ್ತದೆ. ಆದ್ದರಿಂದ ಆಕಾರದ ಜೊತೆಗೆ, ಬೆಳಕು ಎಲ್ಲಿಂದ ಹೊಕ್ಕು ಎಲ್ಲಿ ಮಂಕಾಗಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬ್ರಿಟಿಷ್ ಶಿಲ್ಪಿ ರೇಚೆಲ್ ವೈಟ್‌ರೀಡ್ 1995ರಲ್ಲಿ ಕುರ್ಚಿಗಳ ಅಡಿಯ ಖಾಲಿ ಜಾಗಗಳನ್ನೇ ಬಣ್ಣದ ರೆಸಿನ್ನಿನಲ್ಲಿ ಎರಕ ಹೊಯ್ದು, ಅಂಥ ನೂರು ತುಂಡುಗಳನ್ನು ಸಾಲಾಗಿ ಜೋಡಿಸಿದರು. ವಸ್ತುವನ್ನು ಬಿಟ್ಟು ಅದರ ಟೊಳ್ಳನ್ನು ನೋಡುವ ಈ ಅಭ್ಯಾಸ ಹೊಸಬರಿಗೆ ಒಳ್ಳೆಯ ಆರಂಭವೆಂದು ನನ್ನ ಅನಿಸಿಕೆ.

ಮೂಲ ಮಾದರಿಯನ್ನು ಮಣ್ಣಿನಲ್ಲಿ ಮಾಡಿ, ರಬ್ಬರಿನಂಥ ಸಿಲಿಕೋನಿನಲ್ಲಿ ಅದರ ಅಚ್ಚು ತೆಗೆಯಿರಿ. ಗಂಧಕವಿರುವ ಮಾದರಿಮಣ್ಣಿಗೆ ತಾಗಿದ ಪ್ಲಾಟಿನಂ ಬಗೆಯ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುವುದರಿಂದ, ಮೊದಲು ಒಂದು ಸಣ್ಣ ಚೂರಿನ ಮೇಲೆ ಪರೀಕ್ಷಿಸಿ ನೋಡುವುದು ಕ್ಷೇಮ.

ಕೆಲಸ ಕೆಡುವುದು ಹೆಚ್ಚಾಗಿ ಬೆರೆಸುವ ಹಂತದಲ್ಲಿ. ಎಪಾಕ್ಸಿ ಬಗೆಯ ರೆಸಿನ್ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್‌ಗಳ ಪ್ರಮಾಣ ತೂಕದ್ದೋ ಗಾತ್ರದ್ದೋ ಎಂಬುದನ್ನು ಡಬ್ಬಿಯ ಮೇಲೆ ಓದಿ, ಅದನ್ನೇ ಪಾಲಿಸಿ. ಬೇಗ ಗಟ್ಟಿಯಾಗಲೆಂದು ಹಾರ್ಡ್‌ನರ್ ಹೆಚ್ಚಿಸಿದರೆ ಎರಕ ಮೆತ್ತಗೇ ಉಳಿದೀತು. ಬೆರೆಸತೊಡಗಿದಾಗ ಸಕ್ಕರೆ ನೀರಿನಲ್ಲಿ ಕರಗುವಾಗ ಕಾಣುವಂಥ ತೆಳು ಎಳೆಗಳು ಸುಳಿಯುತ್ತವೆ. ಲೋಟದ ಅಂಚು, ತಳಗಳನ್ನು ಕೆರೆಯುತ್ತಾ ಆ ಎಳೆಗಳು ಪೂರ್ತಿ ಮಾಯವಾಗುವವರೆಗೆ ನಿಧಾನವಾಗಿ ತಿರುವಿ, ಬಳಿಕ ಬೇರೊಂದು ಲೋಟಕ್ಕೆ ಸುರಿದು ಮತ್ತೊಮ್ಮೆ ತಿರುವಬೇಕು. ರಭಸದಿಂದ ಕಡೆದರೆ ಗಾಳಿ ಸೇರಿ ಗುಳ್ಳೆಗಳೇಳುತ್ತವೆ. ಅಚ್ಚಿನ ಅತಿ ತಗ್ಗಾದ ಮೂಲೆಗೆ ಸಣ್ಣ ಧಾರೆಯಾಗಿ ಹೊಯ್ದರೆ ಗಾಳಿ ತಾನಾಗಿಯೇ ಮೇಲೇರುತ್ತದೆ.

ಗಟ್ಟಿಯಾಗುವಾಗ ರೆಸಿನ್ ತಾನೇ ಬಿಸಿಯಾಗುತ್ತದೆ, ಮುದ್ದೆ ದೊಡ್ಡದಾದಷ್ಟೂ ಬಿಸಿ ಹೆಚ್ಚು. ದಪ್ಪನೆಯ ಶಿಲ್ಪವನ್ನು ಒಂದೇ ಸಲ ಹೊಯ್ದರೆ ಅದು ಹಳದಿಗಟ್ಟಬಹುದು, ಬಿರುಕು ಬಿಡಬಹುದು, ಹೊಗೆಯಾಡಲೂಬಹುದು. ತಯಾರಕರು ಹೇಳಿದ ದಪ್ಪವನ್ನು ಮೀರದೆ ಪದರ ಪದರವಾಗಿ ಹೊಯ್ಯಿರಿ. ಕೆಳಗಿನ ಪದರದ ಬಿಸಿ ಇಳಿದು, ಬೆರಳಿಗೆ ಅಂಟಿದರೂ ಕಲೆಯಾಗದ ಹದಕ್ಕೆ ಬಂದಾಗ ಮುಂದಿನದನ್ನು ಹಾಕಿದರೆ ಎರಡೂ ಚೆನ್ನಾಗಿ ಬೆಸೆಯುತ್ತವೆ. ಈ ಹದವನ್ನು ಕೈಗವಸು ತೊಟ್ಟೇ ನೋಡಬೇಕು, ಏಕೆಂದರೆ ಚರ್ಮಕ್ಕೆ ಮತ್ತೆ ಮತ್ತೆ ತಾಗುವ ಎಪಾಕ್ಸಿಯಿಂದ ಶಾಶ್ವತ ಅಲರ್ಜಿ ಬರಬಹುದು. ಎಪಾಕ್ಸಿಯ ಬದಲು ಪಾಲಿಯೆಸ್ಟರ್ ಬಗೆಯ ರೆಸಿನ್ ಬಳಸಿದರೆ ಅದರ ಆವಿಗೆ ಬಟ್ಟೆಯ ಮುಖಗವಸು ಸಾಲದು. ಸಾವಯವ ಆವಿಯನ್ನು ತಡೆಯುವ ಫಿಲ್ಟರ್ ಇರುವ ಮುಖವಾಡ ಬೇಕು.

ಪೂರ್ತಿ ಗಟ್ಟಿಯಾದ ಮೇಲೆ ನೀರು ಹಾಕಿ ಉಜ್ಜಿ, 220ರ ಉಪ್ಪುಕಾಗದದಿಂದ (ಸಂಖ್ಯೆ ಏರಿದಷ್ಟೂ ಕಾಗದ ನಯ) ಆರಂಭಿಸಿ 400, 800, 1500 ಎಂದು ಏರುತ್ತಾ ಹೋಗಿ. ಎಲ್ಲ ಕಡೆಯೂ ಹೊಳಪು ಕೊಡಲೇಬೇಕೆಂದಿಲ್ಲ. ಒಂದು ಬದಿಯನ್ನು 400ಕ್ಕೇ ಬಿಟ್ಟರೆ ಅಲ್ಲಿ ಬೆಳಕು ಚದುರಿ, ಮಂಜು ಕವಿದ ಗಾಜಿನಂತೆ ಒಳಗಿನ ಬಣ್ಣವಷ್ಟೇ ಮಸುಕಾಗಿ ಹೊರಗೆ ಕಾಣುತ್ತದೆ.