ಹೆಸರುಗಳ ಪಟ್ಟಿ ಹಿಡಿದು ಬೈಬಲ್ ಓದುವುದು ಹೇಗೆ?

ಬೈಬಲ್ ಓದಲು ಕೂತವರು ಸಾಮಾನ್ಯವಾಗಿ ಎರಡು ಕಡೆ ಸುಸ್ತಾಗುತ್ತಾರೆ. ಒಂದು ಯಾಜಕಕಾಂಡ. ಅಲ್ಲಿ ಬಲಿ, ಶುದ್ಧಿಯ ನಿಯಮಗಳೇ ಜಾಸ್ತಿ. ಇನ್ನೊಂದು ಹೊಸ ಒಡಂಬಡಿಕೆಯ ಮೊದಲ ಪುಟ. ಮತ್ತಾಯನ ಸುವಾರ್ತೆ ಯೇಸುವಿನ ಪೂರ್ವಜರ ಬರೀ ಹೆಸರುಗಳಿಂದ ಶುರುವಾಗುತ್ತದೆ. ಆದರೆ ಇಡೀ ಕಥೆಗೆ ದಾರಿ ತೋರಿಸುವುದು ಆ ಹೆಸರುಗಳೇ.

ಹೆಜ್ಜೆ 1: ಮತ್ತಾಯ 1ನೇ ಅಧ್ಯಾಯದ 17ನೇ ವಚನ ತೆಗೆಯಿರಿ. ಅಬ್ರಹಾಮನಿಂದ ದಾವೀದನವರೆಗೆ 14 ತಲೆಮಾರು, ಅಲ್ಲಿಂದ ಆ ಜನ ಬಾಬೆಲಿಗೆ (ಬ್ಯಾಬಿಲೋನ್) ಸೆರೆ ಹೋಗುವವರೆಗೆ 14, ಅಲ್ಲಿಂದ ಕ್ರಿಸ್ತನವರೆಗೆ 14. ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದು ಈ ನಾಲ್ಕನ್ನೂ ಬರೆದುಕೊಳ್ಳಿ: ಅಬ್ರಹಾಮ, ದಾವೀದ, ಬಾಬೆಲ್, ಕ್ರಿಸ್ತ.

ಹೆಜ್ಜೆ 2: ಈಗ ಆದಿಕಾಂಡ. ಸೃಷ್ಟಿ, ತೋಟದಿಂದ ಹೊರಬಿದ್ದದ್ದು, ಜಲಪ್ರಳಯ. ಮೊದಲ 11 ಅಧ್ಯಾಯ ಎಲ್ಲ ಮನುಷ್ಯರ ಕಥೆ. 12ರಲ್ಲಿ ಅದು ಒಬ್ಬನ ಮನೆಗೆ ಬಂದು ನಿಲ್ಲುತ್ತದೆ. ಊರು ಬಿಟ್ಟು ಹೊರಡು ಎಂದು ದೇವರು ಅಬ್ರಾಮನಿಗೆ (ಮುಂದೆ ಇವನೇ ಅಬ್ರಹಾಮ) ಹೇಳುತ್ತಾನೆ. ನಿನ್ನ ಮೂಲಕ ಭೂಮಿಯ ಎಲ್ಲ ಕುಲಗಳಿಗೂ ಆಶೀರ್ವಾದ ಎಂದು ಮಾತು ಕೊಡುತ್ತಾನೆ. ಈ 3ನೇ ವಚನಕ್ಕೆ ಪೆನ್ಸಿಲ್ ಗುರುತು ಹಾಕಿ. ಕಥೆಯ ಎಳೆ ಇದೇ.

ಹೆಜ್ಜೆ 3: ಬೈಬಲ್‌ನ 66 ಪುಸ್ತಕಗಳಲ್ಲಿ (ಕ್ಯಾಥೊಲಿಕರಲ್ಲಿ 73) ಎಲ್ಲವೂ ಕಥೆ ಹೇಳುವುದಿಲ್ಲ. ಕಥೆ ಮುಂದೆ ಸಾಗುವವನ್ನು ಮೊದಲು ಓದಿ: ವಿಮೋಚನಕಾಂಡ 20ರವರೆಗೆ, ಯೆಹೋಶುವ, ನ್ಯಾಯಸ್ಥಾಪಕರು, ರೂತಳು, ಸಮುವೇಲ, ಅರಸುಗಳು, ಎಜ್ರ, ನೆಹೆಮೀಯ. ಆಮೇಲೆ ಲೂಕ, ಅಪೊಸ್ತಲರ ಕೃತ್ಯಗಳು.

ಇವುಗಳಲ್ಲಿ ರೂತಳ ಪುಸ್ತಕ ನಾಲ್ಕೇ ಅಧ್ಯಾಯ. ದಯವಿಟ್ಟು ಅವಸರ ಮಾಡಬೇಡಿ. ಮೋವಾಬಿನ ಈ ವಿಧವೆ ಅತ್ತೆಯ ಕೈ ಬಿಡದೆ ಬೇತ್ಲೆಹೇಮಿಗೆ ಬರುತ್ತಾಳೆ. ಜವೆಗೋಧಿ ಕೊಯ್ಯುವವರ ಹಿಂದೆ ಬಿದ್ದ ತೆನೆಗಳನ್ನು ಆರಿಸುತ್ತಾ ಸಂಜೆವರೆಗೂ ಹಕ್ಕಲಾಯುತ್ತಾಳೆ. ಹಕ್ಕಲು ಅಂದರೆ ಏನು ಅಂತ ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಆದರೆ ಬೇರೆ ದೇಶದವಳಿಗೆ ಆ ಹಕ್ಕು ಎಲ್ಲಿಂದ ಬಂತು? ಯಾಜಕಕಾಂಡ 19 ತೆಗೆಯಿರಿ. ಹಕ್ಕಲನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕು ಎಂಬ ನಿಯಮ ಅಲ್ಲಿದೆ. ಆಗ ಒಣಕಲು ಅನ್ನಿಸಿದ್ದ ನಿಯಮ ಇಲ್ಲಿ ಎರಡು ಹೊಟ್ಟೆ ತುಂಬಿಸುತ್ತದೆ. ಈ ರೂತಳೇ ದಾವೀದನ ಮುತ್ತಜ್ಜಿ. ಮತ್ತಾಯನ ಪಟ್ಟಿಯಲ್ಲೂ ಇದ್ದಾಳೆ. "ಎಲ್ಲ ಕುಲಗಳಿಗೂ" ಅಂದದ್ದು ನೆನಪಿಸಿಕೊಳ್ಳಿ.

ಹೆಜ್ಜೆ 4: ಪ್ರವಾದಿಗಳ ಪುಸ್ತಕಗಳು ಕಾಲದ ಸಾಲಿನಲ್ಲಿ ಇಲ್ಲ. ಆಮೋಸನಿಗಿಂತ ತುಂಬಾ ಈಚೆಗಿನ ಯೆರೆಮೀಯನ ಪುಸ್ತಕ ಮೊದಲೇ ಬರುತ್ತದೆ. ಗೊಂದಲವಾದರೆ ಮೊದಲ ಸಾಲುಗಳನ್ನು ನೋಡಿ. ಯಾವ ಅರಸನ ಕಾಲ ಎಂದು ಬಹಳಷ್ಟು ಪ್ರವಾದಿಗಳ ಪುಸ್ತಕಗಳಲ್ಲಿ ಬರೆದಿರುತ್ತದೆ. ಆ ಹೆಸರನ್ನು ನಿಮ್ಮ ಗೆರೆಯ ಮೇಲೆ ಕೂರಿಸಿ. ಕೀರ್ತನೆ 137ನ್ನು ಮಾತ್ರ ಎರಡನೆಯ ಅರಸುಗಳು ಮುಗಿದ ಕೂಡಲೇ ಓದಿ. ಕ್ರಿ.ಪೂ. 586ರಲ್ಲಿ ಜೆರುಸಲೇಮ್ ಬಿದ್ದಿದೆ, ದೇವಾಲಯ ಸುಟ್ಟಿದೆ. ಸೆರೆಯಾದವರು ಬಾಬೆಲಿನ ನದಿಗಳ ಬಳಿ ಕೂತು ಅಳುತ್ತಿದ್ದಾರೆ. ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿದ್ದಾರೆ.

ಹೆಜ್ಜೆ 5: ಕೊನೆಗೆ ಬೈಬಲ್‌ನ ಕಡೆಯ ಪುಸ್ತಕವಾದ ಪ್ರಕಟನೆ, ಅದರ 22ನೇ ಅಧ್ಯಾಯದ ಮೊದಲ ಎರಡು ವಚನ. ಆದಿಕಾಂಡದ ತೋಟದಲ್ಲಿ ಮನುಷ್ಯನ ಕೈತಪ್ಪಿದ ಜೀವವೃಕ್ಷ ಇಲ್ಲಿ ನದಿಯ ಎರಡೂ ದಡದಲ್ಲಿದೆ. ಅದರ ಎಲೆಗಳು ಜನಾಂಗಗಳನ್ನು ವಾಸಿಮಾಡುವುದಕ್ಕೆ. ಪೆನ್ಸಿಲ್ ಗುರುತಿನ ಪುಟಕ್ಕೆ ಹೋಗಿ, ಎರಡನ್ನೂ ಒಟ್ಟಿಗೆ ಓದಿ.