ಬೇಕನ್ ಹೊದಿಸಿದ ಟರ್ಕಿ ರೋಲ್: ನಾನು ಮನೆಯಲ್ಲಿ ಮಾಡುವ ಬಗೆ

ಟರ್ಕಿ ಕೋಳಿಯ ಎದೆ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ. ಓವನ್ನಿಗೆ ಹೋದರೆ ಬೇಗ ಒಣಗಿಬಿಡುತ್ತದೆ. ಬೇಕನ್ (ಉಪ್ಪು ಹಾಕಿ ಹೊಗೆಯಾಡಿಸಿದ ಹಂದಿಮಾಂಸದ ಪಟ್ಟಿ) ಹೊದಿಸಿದರೆ ಅದರ ಕೊಬ್ಬು ಕರಗಿ ಒಳಗಿನತನಕ ಇಳಿಯುತ್ತದೆ, ಮಾಂಸ ಮೆತ್ತಗಿರುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಕೊಬ್ಬು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಬಿಸಿಗಾಳಿ ನೇರವಾಗಿ ಮಾಂಸಕ್ಕೆ ತಾಗದಂತೆ ಬೇಕನ್ ಅಡ್ಡ ನಿಲ್ಲುತ್ತದೆ, ಹೊರಮೈಗೆ ಹೊಗೆಯ ರುಚಿ ಕೊಡುತ್ತದೆ, ಅಷ್ಟೆ. ಒಳಗೆ ರಸ ಉಳಿಯಬೇಕಾದರೆ ರೋಲ್ ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪ ಇರಬೇಕು, ಮತ್ತು ನಡುಭಾಗದ ಬಿಸಿಯನ್ನು ಅಳೆದೇ ಹೊರಗೆ ತೆಗೆಯಬೇಕು. ನನ್ನ ಶ್ರಮವೆಲ್ಲ ಈ ಎರಡಕ್ಕೇ ಹೋಗುತ್ತದೆ.

ನಾನು ಎದೆಯ ಜತೆಗೆ ಮೂಳೆ ಬಿಡಿಸಿದ ತೊಡೆಯನ್ನೂ ಹಾಕುತ್ತೇನೆ. ಎದೆ 74 ಡಿಗ್ರಿ ಸೆಲ್ಸಿಯಸ್ ದಾಟಿ ಹೆಚ್ಚು ಹೊತ್ತು ಬೆಂದರೆ ಹಿಂಡಿದ ಹಾಗೆ ನೀರು ಬಿಡುತ್ತದೆ. ತೊಡೆಯಲ್ಲಿ ಕೊಬ್ಬೂ ಇದೆ, ನಾರೂ ಇದೆ. 80 ಡಿಗ್ರಿಯ ಹತ್ತಿರ ಬಂದರೆ ಆ ನಾರು ಚೆನ್ನಾಗಿ ಮೆತ್ತಗಾಗುತ್ತದೆ. ಓವನ್ನಿನ ಬಿಸಿ ಹೊರಗಿನಿಂದ ಒಳಗೆ ಹೋಗುವುದರಿಂದ ತೊಡೆ ಹೊರಗಿನ ಸುತ್ತಿನಲ್ಲಿ, ಎದೆ ನಡುವಿನಲ್ಲಿ ಇದ್ದರೆ ಎರಡೂ ತಮಗೆ ಬೇಕಾದಷ್ಟೇ ಬೇಯುತ್ತವೆ. ಬರೀ ಎದೆಯಿಂದ ಮಾಡಿದರೂ ಚೆನ್ನಾಗಿಯೇ ಬರುತ್ತದೆ, ಆದರೆ ಹೀಗೆ ಮಾಡಿದ್ದರ ರುಚಿ ತುಂಬ ಮೇಲು.

ಫ್ರೀಜರಿನ ಮಾಂಸವಾದರೆ ಫ್ರಿಜ್ಜಿನಲ್ಲೇ ಇಟ್ಟು ಕರಗಿಸುತ್ತೇನೆ, ಎರಡು ಕಿಲೋಗೆ ಸುಮಾರು ಒಂದು ದಿನ ಬೇಕು. ತೊಳೆಯುವುದಿಲ್ಲ. ತೊಳೆದರೆ ಹಸಿ ಮಾಂಸದ ನೀರು ಸಿಂಕಿಗೂ ಅಕ್ಕಪಕ್ಕದ ಪಾತ್ರೆಗೂ ಸಿಡಿಯುತ್ತದೆ, ರೋಗಾಣುಗಳು ಸಾಯುವುದು ಬೇಯಿಸಿದಾಗಲೇ. ಕಾಗದದ ಟವೆಲಿನಿಂದ ಒತ್ತಿ ಒರೆಸಿದರೆ ಸಾಕು.

ಎದೆಯ ಒಳಬದಿಯ ಸಣ್ಣ ತುಂಡಿನಲ್ಲಿ ಒಂದು ಗಟ್ಟಿ ಬಿಳಿ ನಾರು ಓಡುತ್ತದೆ, ಅದನ್ನು ಎಳೆದು ತೆಗೆಯಬೇಕು. ದಪ್ಪ ಭಾಗವನ್ನು ಚಾಕುವಿನಿಂದ ಅಡ್ಡಕ್ಕೆ ಸೀಳಿ, ಪುಸ್ತಕದಂತೆ ತೆರೆದು, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಲಟ್ಟಣಿಗೆಯಿಂದ ತಟ್ಟುತ್ತೇನೆ. ಎಲ್ಲ ಕಡೆ ಒಂದೂವರೆ ಸೆಂಟಿಮೀಟರ್ ಇರಬೇಕು. ಮಾಂಸದ ಎಳೆ ರೋಲಿನ ಉದ್ದಕ್ಕೇ ಬರುವಂತೆ ಹಾಸಿದರೆ, ಬಡಿಸುವಾಗ ಚಾಕು ಎಳೆಗೆ ಅಡ್ಡವಾಗಿ ಬೀಳುತ್ತದೆ, ಹೋಳು ಜಗಿಯಲು ಮೆತ್ತಗಿರುತ್ತದೆ.

ಉಪ್ಪು ಕಿಲೋಗೆ ಹತ್ತು ಗ್ರಾಂ. ಬೇಕನ್ನಿನಲ್ಲೇ ಸಾಕಷ್ಟು ಉಪ್ಪಿರುವುದರಿಂದ ಅದಕ್ಕಿಂತ ಜಾಸ್ತಿ ಬೇಡ. ಒಳಮೈಗೆ ಉಪ್ಪು ಚೆನ್ನಾಗಿ ಉಜ್ಜಿ ಸ್ವಲ್ಪ ಹೊತ್ತು ಬಿಟ್ಟರೆ ಮಾಂಸದ ಪ್ರೋಟೀನ್ ಹೊರಬಂದು ಮೈ ಅಂಟಂಟಾಗುತ್ತದೆ. ಬೆಂದಾಗ ಅದೇ ಗಟ್ಟಿಯಾಗಿ ಪದರಗಳನ್ನು ಹಿಡಿದಿಡುತ್ತದೆ. ಕತ್ತರಿಸುವಾಗ ಹೋಳು ಬಿಚ್ಚಿಕೊಳ್ಳದಿರಲು ಇದೂ ಒಂದು ಕಾರಣ. ಈ ಅಂಟು ಕೆಡಬಾರದೆಂದೇ ನಾನು ಹೂರಣ ಕಡಿಮೆ ಇಡುತ್ತೇನೆ: ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಬ್ರೆಡ್ ಪುಡಿ, ಸೇಜ್ ಮತ್ತು ಥೈಮ್ ಎಂಬ ಸುವಾಸನೆಯ ಸೊಪ್ಪು, ಕರಿಮೆಣಸು. ಪೂರ್ತಿ ಆರಿದ ಮೇಲೆಯೇ ನಡುವೆ ಒಂದು ಸಾಲಾಗಿ ಇಡಬೇಕು.

ಕೆಳಗೆ ತೊಡೆ, ಅದರ ಮೇಲೆ ಎದೆ, ಎದೆಯ ಮೇಲೆ ಹೂರಣ. ಪ್ಲಾಸ್ಟಿಕ್ ಹಾಳೆಯ ಸಹಾಯದಿಂದ ಬಿಗಿಯಾಗಿ ಸುತ್ತಿ, ಎರಡೂ ತುದಿ ತಿರುಚಿ, ಗಟ್ಟಿಯಾಗುವ ತನಕ ಫ್ರಿಜ್ಜಿನಲ್ಲಿಡುತ್ತೇನೆ.

ಇನ್ನು ಬೇಕನ್. ಕೊಬ್ಬು ಮಾಂಸ ಪಟ್ಟೆಪಟ್ಟೆಯಾಗಿರುವ ತೆಳು ಬೇಕನ್ನೇ ಆಗಬೇಕು, ದಪ್ಪದ್ದು ಗರಿಯಾಗುವ ಹೊತ್ತಿಗೆ ಟರ್ಕಿ ಒಣಗಿರುತ್ತದೆ. ಚಾಪೆಯಂತೆ ಹೆಣೆದು ಹೊದಿಸಿದ್ದು ನೋಡಲು ಚೆಂದ, ಆದರೆ ಒಂದರ ಮೇಲೊಂದು ಬಂದ ಕಡೆಯೆಲ್ಲ ಕೊಬ್ಬು ಕರಗದೆ ಹಸಿಹಸಿಯಾಗಿ ಉಳಿಯುತ್ತದೆ. ನಾನು ಪಟ್ಟಿಗಳನ್ನು ಸಾಲಾಗಿ, ಒಂದರ ಅಂಚು ಇನ್ನೊಂದರ ಮೇಲೆ ಸ್ವಲ್ಪವೇ ಬರುವಂತೆ ಹಾಸುತ್ತೇನೆ. 9 ಸೆಂಟಿಮೀಟರ್ ದಪ್ಪದ ರೋಲಿನ ಸುತ್ತಳತೆ ಸುಮಾರು 28 ಸೆಂಟಿಮೀಟರ್. ಪಟ್ಟಿ ಗಿಡ್ಡವೆನಿಸಿದರೆ ಚಾಕುವಿನ ಬೆನ್ನಿನಿಂದ ಸವರಿ ಎಳೆದರೆ ಉದ್ದವಾಗುತ್ತದೆ, ತೆಳುವೂ ಆಗುತ್ತದೆ. ಪ್ಲಾಸ್ಟಿಕ್ ಹಾಳೆ ಬಿಡಿಸಿದ ರೋಲನ್ನು ಅಂಚಿಗಿಟ್ಟು ಒಂದೇ ಸುತ್ತು ಸುತ್ತಿ, ಕೂಡುವ ಜಾಗ ಕೆಳಗೆ ಬರುವಂತೆ ಮಲಗಿಸಬೇಕು. ಕಟ್ಟಲು ಹತ್ತಿಯ ದಾರವೇ ಬೇಕು, ನೈಲಾನ್ ಕರಗುತ್ತದೆ. ಮೊದಲು ನಡುವೆ ಒಂದು ಗಂಟು, ಆಮೇಲೆ ಎರಡು ತುದಿಗೆ, ಕೊನೆಗೆ ಉಳಿದ ಜಾಗದಲ್ಲಿ ಮೂರು ಮೂರು ಸೆಂಟಿಮೀಟರಿಗೆ ಒಂದೊಂದು. ಒಂದು ತುದಿಯಿಂದಲೇ ಕಟ್ಟುತ್ತ ಹೋದರೆ ಮಾಂಸ ಇನ್ನೊಂದು ತುದಿಗೆ ಸರಿದು ಉಬ್ಬುತ್ತದೆ. ದಾರ ಬೇಕನ್ನನ್ನು ಕೊಯ್ಯುವಷ್ಟು ಬಿಗಿಯೂ ಇರಬಾರದು. ಕಟ್ಟಿದ್ದನ್ನು ಮುಚ್ಚದೆ ರಾತ್ರಿಯಿಡೀ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ತಟ್ಟೆಯ ಮೇಲೆ ಇಟ್ಟರೆ ಬೇಕನ್ನಿನ ಮೈ ಒಣಗಿ, ಮರುದಿನ ಬೇಗ ಗರಿಯಾಗುತ್ತದೆ.

ಟ್ರೇ ಮೇಲೆ ಜಾಲರಿ, ಜಾಲರಿ ಮೇಲೆ ರೋಲ್. ಟ್ರೇಗೇ ಇಟ್ಟರೆ ಕೆಳಭಾಗ ಕರಗಿದ ಕೊಬ್ಬಿನಲ್ಲಿ ಕೂತು ಮೆತ್ತಗಾಗುತ್ತದೆ. 170 ಡಿಗ್ರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ ಬೇಕಾದೀತು, ಆದರೆ ನಾನು ಗಡಿಯಾರ ನಂಬುವುದಿಲ್ಲ. ಥರ್ಮಾಮೀಟರಿನ ಮೊನೆ ಸರಿಯಾಗಿ ನಡುವಿಗೇ, ಹೂರಣ ಇರುವಲ್ಲಿಗೇ ಹೋಗಬೇಕು. ಅಲ್ಲಿ 65 ತೋರಿಸಿದಾಗ ಓವನ್ನನ್ನು 220ಕ್ಕೆ ಏರಿಸುತ್ತೇನೆ. ಬೇಕನ್ ಕೆಂಪಗೆ ಗರಿಗರಿಯಾಗುತ್ತದೆ. ಸಕ್ಕರೆ ಹಾಕಿ ಹದಮಾಡಿದ ಬೇಕನ್ ಆದರೆ ಓವನ್ ಬಿಟ್ಟು ಕದಲಬಾರದು, ಸೀಯಲು ಎರಡು ನಿಮಿಷ ಸಾಕು. ನಡುವೆ 72 ಬಂದಾಗ ಹೊರಗೆ ತೆಗೆದು, ಥರ್ಮಾಮೀಟರನ್ನು ಅಲ್ಲೇ ಬಿಡುತ್ತೇನೆ. ಹೊರಗಿನ ಬಿಸಿ ಒಳಗೆ ಸರಿದು 74 ಮುಟ್ಟಲೇಬೇಕು. ಮುಟ್ಟದಿದ್ದರೆ ಮತ್ತೆ ಓವನ್ನಿಗೆ.

ಇಪ್ಪತ್ತು ನಿಮಿಷ ಆರಲು ಬಿಡುವಾಗ ಅಲ್ಯೂಮಿನಿಯಂ ಹಾಳೆ ಮುಚ್ಚುವುದಿಲ್ಲ, ಮುಚ್ಚಿದರೆ ಆವಿಗೆ ಬೇಕನ್ ಮೆತ್ತಗಾಗುತ್ತದೆ. ಆ ಹೊತ್ತಿನಲ್ಲಿ ಟ್ರೇಯ ಕೊಬ್ಬನ್ನು ಹೆಚ್ಚುಕಡಿಮೆ ಎಲ್ಲ ಬಸಿದು, ಎರಡು ಚಮಚ ಉಳಿಸಿ, ಅದರಲ್ಲಿ ಮೈದಾ ಹುರಿದು ಉಪ್ಪಿಲ್ಲದ ಸ್ಟಾಕ್ (ಮೂಳೆ ಬೇಯಿಸಿ ಸೋಸಿದ ನೀರು) ಹಾಕಿ ಗ್ರೇವಿ ಮಾಡುತ್ತೇನೆ. ಆಮೇಲೆ ದಾರ ಬಿಡಿಸಿ, ಹರಿತವಾದ ಉದ್ದ ಚಾಕುವಿನಿಂದ ಒಂದು ಸೆಂಟಿಮೀಟರ್ ದಪ್ಪಕ್ಕೆ ಹೋಳು ಮಾಡುತ್ತೇನೆ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಮೂರು ದಿನ ಇರುತ್ತದೆ. ತಣ್ಣಗಾದ ರೋಲನ್ನು ಇನ್ನೂ ತೆಳ್ಳಗೆ ಕತ್ತರಿಸಬಹುದು, ಸ್ಯಾಂಡ್‌ವಿಚ್‌ಗೆ ನಾನು ಅದನ್ನೇ ಇಟ್ಟುಕೊಳ್ಳುತ್ತೇನೆ.