ಹೊಲದ ವಾಟ್ನಿ ದಾವೆಯಲ್ಲಿ ಗುಮಾಸ್ತನ ಕೆಲಸ: ನನ್ನ ಅನುಭವ

ನಾನು ಕಲಬುರಗಿಯಲ್ಲಿ ಸಿವಿಲ್ ವಕೀಲರೊಬ್ಬರ ಗುಮಾಸ್ತ. ನಮ್ಮಲ್ಲಿ ಹೊಲದ ವಾಟ್ನಿ, ಅಂದರೆ ಪಾಲು ಹಂಚಿಕೆಯ ದಾವೆಗಳೇ ಜಾಸ್ತಿ. ವಾದ ಮಾಡುವುದು ಸಾಹೇಬರ ಕೆಲಸ. ಅದಕ್ಕೆ ಬೇಕಾದ ಕಾಗದ ಹುಡುಕಿ, ಹೊಂದಿಸಿ ಕೊಡುವುದು ನನ್ನದು. ‘ಕೇಸ್ ಗೆಲ್ತದೇನು ತಮ್ಮಾ?’ ಅಂತ ಕೇಳಿದವರಿಗೆ ನನ್ನದು ಒಂದೇ ಉತ್ತರ: ‘ಸಾಹೇಬ್ರನ್ನೇ ಕೇಳ್ರಿ.’

ಕಕ್ಷಿದಾರರು ಚೀಲದ ತುಂಬ ಕಾಗದ ತರುತ್ತಾರೆ. ಪಹಣಿ, ಕರೆಂಟ್ ಬಿಲ್, ಲಗ್ನಪತ್ರಿಕೆ ಎಲ್ಲ ಕಲಸಿರುತ್ತದೆ. ನಾನು ಮೊದಲು ವಂಶಾವಳಿ ಬರೆದುಕೊಳ್ಳುತ್ತೇನೆ. ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳ ಹೆಸರನ್ನು ಯಾರೂ ತಾವಾಗಿ ಹೇಳುವುದಿಲ್ಲ. ‘ಅವ್ರು ಪಾಲು ಕೇಳಂಗಿಲ್ಲ ಬಿಡು’ ಅಂತಾರೆ. ಕೇಳಲಿ ಬಿಡಲಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಹೊಲದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಅವರನ್ನು ಪಕ್ಷಗಾರರನ್ನಾಗಿ ಸೇರಿಸದಿದ್ದರೆ ಎದುರಿನ ವಕೀಲರು ಅದನ್ನೇ ಹಿಡಿದು ಕೂರುತ್ತಾರೆ.

ಆಮೇಲೆ ಹಳೇ ದಾಖಲೆ. ನಮ್ಮ ಭಾಗದಲ್ಲಿ 1954-55ರ ಖಾಸ್ರಾ ಪಹಣಿ (ಆ ಕಾಲದ ಹೊಲದ ದಾಖಲೆ) ಇಲ್ಲದೆ ಹೊಲದ ಮೂಲ ತೋರಿಸುವುದು ಕಷ್ಟ. ಅದಕ್ಕೂ ಹಿಂದಿನವು ನಿಜಾಮರ ಕಾಲದ ಉರ್ದು ಕಾಗದಗಳು. ವರ್ಷ ಫಸಲಿ, ಅಂದರೆ ಆಗಿನ ಕಂದಾಯ ವರ್ಷದ ಲೆಕ್ಕದಲ್ಲಿರುತ್ತದೆ. 590 ಕೂಡಿಸಿದರೆ ಇಸವಿ ಸಿಗುತ್ತದೆ. ಫಸಲಿ 1350 ಅಂದರೆ 1940ರ ಸುಮಾರು. ಅನುವಾದ ಕೈಗೆ ಬಂದ ಮೇಲೂ ಈ ಲೆಕ್ಕವನ್ನು ನಾನೇ ಇನ್ನೊಮ್ಮೆ ಹಾಕುತ್ತೇನೆ.

ಕ್ಷೇತ್ರದ ಲೆಕ್ಕ ಇನ್ನೂ ಮೋಸದ್ದು. ಒಂದು ತುಂಡು 3 ಎಕರೆ 25 ಗುಂಟೆ, ಇನ್ನೊಂದು 2 ಎಕರೆ 30 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಒಟ್ಟು 6 ಎಕರೆ 15 ಗುಂಟೆ. ಟೈಪ್ ಮಾಡುವ ಹುಡುಗ ಸುಮ್ನೆ 5.55 ಅಂತ ಹೊಡೆದಿರುತ್ತಾನೆ. ದಾವೆಯ ಷೆಡ್ಯೂಲಿನಲ್ಲಿ (ಆಸ್ತಿ ವಿವರದ ಪಟ್ಟಿಯಲ್ಲಿ) ತಪ್ಪಿದರೆ ಕೋರ್ಟಿನ ಆದೇಶವಾದ ಡಿಕ್ರಿಯಲ್ಲೂ ಅದೇ ಬರುತ್ತದೆ, ಅಲ್ವಾ? ಅದಕ್ಕೇ ಸರ್ವೆ ನಂಬರ್, ಹಿಸ್ಸಾ (ಅದರ ಒಳಭಾಗದ ನಂಬರ್) ಬೆರಳಿಟ್ಟು ಪಹಣಿಯ ಜೊತೆ ತಾಳೆ ನೋಡುತ್ತೇನೆ; ಚಕ್ಕುಬಂದಿಯ, ಅಂದರೆ ಸುತ್ತಲಿನ ಗಡಿಯ ನಾಲ್ಕೂ ದಿಕ್ಕನ್ನೂ ಇನ್ನೊಮ್ಮೆ ಓದುತ್ತೇನೆ. ಸಾಹೇಬರಿಗೆ ಅರ್ಜೆಂಟ್ ಇದ್ದರೂ ಇದನ್ನು ಬಿಡುವುದಿಲ್ಲ.

ಪ್ರೊಸೆಸ್ ಫೀ (ಸಮನ್ಸ್ ಕಳಿಸುವ ಶುಲ್ಕ) ಕಟ್ಟುವುದು, ಡೈರಿಯಲ್ಲಿ ತಾರೀಖು ಬರೆಯುವುದು ರೂಢಿಯ ಕೆಲಸ. ನಾವು ಪ್ರತಿವಾದಿಯ ಪರ ಇದ್ದಾಗ ಮಾತ್ರ ಸಮನ್ಸ್ ಮುಟ್ಟಿದ ದಿನವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಕೈಫಿಯತ್ತು, ಅಂದರೆ ಪ್ರತಿವಾದಿಯ ಲಿಖಿತ ಉತ್ತರ ಹಾಕಲು ಆ ದಿನದಿಂದ 30 ದಿನ; ಕೋರ್ಟ್ ಒಪ್ಪಿದರೆ 90ರವರೆಗೆ.

ಗೆದ್ದರೂ ಸೋತರೂ ತೀರ್ಪಿನ ದಿನವೇ ನಕಲಿಗೆ ಅರ್ಜಿ ಹಾಕುತ್ತೇನೆ. ಜಿಲ್ಲಾ ನ್ಯಾಯಾಲಯದಲ್ಲಿ ಅಪೀಲಿಗೆ 30 ದಿನ. ನಕಲು ತಯಾರಾಗಲು ಹಿಡಿದ ದಿನಗಳನ್ನು ಆ 30ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರ್ಜಿ ಕೊಟ್ಟ ದಿನ, ತಯಾರಾದ ದಿನ ಎರಡೂ ನಕಲಿನ ಮೇಲೆಯೇ ಇರುತ್ತವೆ. ಕೌಂಟರ್ ಬಿಡುವ ಮೊದಲೇ ಅವನ್ನು ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿಕೊಂಡು ಬರುತ್ತೇನೆ.